ಕಂಬಳಿ ಹೊದ್ದ ಅಂಗಳ

ನಮ್ಮ ತಾಳವಾಡಿ ಬೆಟ್ಟದ ಕಡೆ ದನಕ್ಕೆ ಹುಲ್ಲು ತರುವವರನ್ನು ನೀವು ಬೇಕಾದಷ್ಟು ನೋಡಬಹುದು. ಕಾಸು ಕೊಟ್ಟು ಹುಲ್ಲು ತಂದು, ಅದರ ಹತ್ತಿರ ದನ ಸುಳಿಯದಂತೆ ಕೋಲು ಹಿಡಿದು ನಿಂತ ಮಹಾನುಭಾವ ಒಬ್ಬರೇ, ನಮ್ಮ ಸೋದರಮಾವ. ತಲೆ ಸರಿಯಿದೆಯೇ ಎನ್ನುತ್ತೀರಾ? ಮಾವನ ಊರು ತಿಗನಾರೆಯಲ್ಲಿ ಎಲ್ಲರೂ ಅದನ್ನೇ ಕೇಳಿದರು.

ಕಾರಣವಿತ್ತು. ಹೊಸ ಮನೆ ಕಟ್ಟಿ ಮುಗಿಸಿದಾಗ ಅಂಗಳದಲ್ಲಿ ಉಳಿದದ್ದು ಬರೀ ಸಡಿಲ ಕೆಮ್ಮಣ್ಣು. ಗಾಳಿ ಬೀಸಿದರೆ ಒಲೆಯ ಮೇಲಿನ ಸಾರಿನವರೆಗೂ ದೂಳು. ಅತ್ತೆಗೆ ಮೊದಲೇ ಉಬ್ಬಸ. ಗೃಹಪ್ರವೇಶವಾದ ವಾರದಲ್ಲೇ ಉಸಿರು ಕಟ್ಟಿ, ಕೊಳ್ಳೇಗಾಲದ ತಂಗಿಯ ಮನೆ ಸೇರಿದರು. ಹೊರಡುವಾಗ, "ದೂಳು ಅಡಗ್ದ ಮೇಲೆ ಯೋಳಿ, ಬತ್ತೀನಿ" ಎಂದಷ್ಟೇ ಹೇಳಿದರು. ಮಾವ ಅಂದಿನಿಂದ ತಾವೇ ಅಡುಗೆ ಮಾಡಿ, ಅದನ್ನು ತಾವೇ ತಿನ್ನುವ ಶಿಕ್ಷೆ ಅನುಭವಿಸುತ್ತಿದ್ದರು.

ಹುಲ್ಲಿನ ಹಾಸು ಹಾಕಿದರೆ ದೂಳು ಏಳದು ಎಂದು ಯಾರೋ ಹೇಳಿದರು. ಚಳಿಗಾಲ, ಬೇರು ಬಿಡುವುದು ನಿಧಾನ ಎಂದು ಮಾರುವವನೇ ಎಚ್ಚರಿಸಿದ. ಮಾವ ಕೇಳಬೇಕಲ್ಲ! ಚಾಪೆಯಂತೆ ಸುತ್ತಿದ ಹುಲ್ಲು ಸತ್ಯಮಂಗಲದಿಂದ ವ್ಯಾನ್ ಹತ್ತಿತು. ನಾನೂ ಜೊತೆಗಿದ್ದೆ. ದಾರಿಯ ದಿಂಬಂ ಘಾಟಿಯಲ್ಲಿ ಟೀಗೆ ನಿಲ್ಲಿಸಿದಾಗ ಮಾವ ಒಂದು ಚೊಂಬು ನೀರು ಕೇಳಿ ಇಸಿದುಕೊಂಡು ಹುಲ್ಲಿಗೆ ಚಿಮುಕಿಸಿದರು.

"ಅದ್ಕೆ ಟೀ ಬ್ಯಾಡ್ವಾ?" ಎಂದ ಅಂಗಡಿಯವ.

"ಈಗ ಬ್ಯಾಡ, ಮನೆಗ್ ಓಗಿ ಕುಡೀತದೆ" ಎಂದರು ಮಾವ.

ಮಣ್ಣು ಕೆದಕಿ, ಕಲ್ಲು ಆರಿಸಿ, ಗೊಬ್ಬರ ಬೆರೆಸಿ ಹಾಸಿದೆವು. ಹೊಸಿಲ ಮುಂದೆ ಮಾತ್ರ ಒಂದು ಚೌಕ ಬರಿದೇ ಉಳಿಯಿತು.

"ಉಲ್ಲು ಸಾಲ್ನಿಲ್ವಾ ಮಾವ?" ಎಂದೆ.

"ಊಂ, ಸಾಲ್ನಿಲ್ಲ."

ಹಿತ್ತಲಲ್ಲಿ ಇನ್ನೂ ಹುಲ್ಲಿನ ಸುರುಳಿಗಳು ಬಿದ್ದಿದ್ದವು. ಅವರ ಲೆಕ್ಕ ಅವರಿಗೆ ಎಂದು ಸುಮ್ಮನಾದೆ.

ಆಮೇಲೆ ಶುರುವಾಯಿತು ಬಾಣಂತನ. ಇಬ್ಬನಿ ಕೊರೆಯುತ್ತದೆಂದು ಸಂಜೆಯಾದರೆ ಹುಲ್ಲಿಗೆ ಹಳೇ ಸೀರೆ, ಗೋಣಿಚೀಲ, ಕೊನೆಗೆ ತಮ್ಮ ಕಂಬಳಿಯನ್ನೂ ಹೊದಿಸಿದರು.

"ಏನ್ಲಾ, ಉಲ್ಗೆ ಕಂಬ್ಳಿ ಒದ್ಸಿದ್ದೀಯೆ, ನಿಂಗೆ?" ಎಂದ ಪಕ್ಕದ ಮನೆಯವ.

ಮಾವ ನಡುಗುತ್ತಲೇ, "ನಾನೇನ್ ಬೇರು ಬುಡ್ಬೇಕಾ?" ಎಂದರು.

ಬೆಳಗಾದರೆ ಹಾಸಿನ ಮೂಲೆ ಎತ್ತಿ ಬೇರು ನೋಡುವುದು. ದಿನಾ ಎತ್ತಿದರೆ ಅದು ಬೇರು ಬಿಡುವುದಾದರೂ ಹೇಗೆ? ಹುಲ್ಲು ಹಳದಿಯಾಯಿತು, ಮಾವನ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ನಾನು ಗದರಿದ ಮೇಲೆ ಎತ್ತುವುದನ್ನು ಬಿಟ್ಟರು, ಹುಲ್ಲು ಮೆಲ್ಲಗೆ ಮತ್ತೆ ಹಸಿರಿಗೆ ತಿರುಗಿತು. ಕೊನೆಗೆ ಒಂದು ಬೆಳಿಗ್ಗೆ ಪಕ್ಕದ ಮನೆಯ ಎಮ್ಮೆ ನುಗ್ಗಿ, ಹುಲ್ಲಿಗೆ ಬಾಯಿ ಹಾಕಿ ಎಳೆಯಿತು. ನಾಲ್ಕು ಎಸಳು ಹರಿದವು, ಹಾಸು ಮಾತ್ರ ಅಲುಗಲಿಲ್ಲ. ಮಾವ ಎತ್ತಿದ ಕೋಲನ್ನು ಎಸೆದರು.

"ಬೇರು ಬುಟ್ಟದೆ ಕಣ್ಲಾ, ಎಮ್ಮೆ ಎಳುದ್ರೂ ಬರ್ನಿಲ್ಲ" ಎಂದವರು, ಎಮ್ಮೆಗೆ ಬಾಳೆಹಣ್ಣು ತಿನ್ನಿಸಿ ಅತ್ತೆಗೆ ಫೋನ್ ಮಾಡಿದರು.

ಮರುದಿನ ಮಧ್ಯಾಹ್ನ ಅತ್ತೆ ಆಟೋ ಇಳಿದರು. ಗಾಳಿ ಬೀಸಿತು, ದೂಳು ಏಳಲಿಲ್ಲ, ಅತ್ತೆ ಕೆಮ್ಮಲಿಲ್ಲ. ಹಸಿರನ್ನೆಲ್ಲ ಒಮ್ಮೆ ನೋಡಿ, ಹೊಸಿಲ ಮುಂದಿನ ಆ ಬರಿದು ಚೌಕದ ಹತ್ತಿರ ನಿಂತುಬಿಟ್ಟರು. ಅದಕ್ಕೆ ಸಗಣಿ ಬಳಿದಿತ್ತು, ಇನ್ನೂ ಹಸಿ.

"ರಂಗೋಲಿಗೆ ಜಾಗ ಬ್ಯಾಡ್ವಾ ನಿಂಗೆ?" ಎಂದರು ಮಾವ ನೆಲ ನೋಡುತ್ತ. "ದಿನಾ ಬಳೀತಿದ್ದೆ. ಇವತ್ತು ಬತ್ತೀಯೋ, ನಾಳೆ ಬತ್ತೀಯೋ ಅಂತ."

"ಇಷ್ಟು ಗಟ್ಟಿಯಾಗಾ ಬಳಿಯೋದು?" ಎಂದ ಅತ್ತೆಯ ದನಿ ಒದ್ದೆಯಾಗಿತ್ತು. ಬ್ಯಾಗನ್ನು ಹುಲ್ಲಿನ ಮೇಲಿಟ್ಟು, ಒಳಗೆ ಕಾಲಿಡುವ ಮೊದಲೇ, "ರಂಗೋಲಿ ಡಬ್ಬಿ ಎಲ್ಲದೆ?" ಎಂದರು.

ಮೂಗಿನ ಮೇಲಿನ ಕನ್ನಡಕವನ್ನೇ ಮನೆಯೆಲ್ಲ ಹುಡುಕುವ ನಮ್ಮ ಮಾವ, ಬಾಗಿಲ ಹಿಂದಕ್ಕೆ ಕೈ ಹಾಕಿ ಡಬ್ಬಿಯನ್ನು ತಕ್ಷಣ ತೆಗೆದುಕೊಟ್ಟರು.