ಒಪ್ಪಿಗೆ ಪತ್ರಕ್ಕೆ ಅರಿಶಿನ

ನಮ್ಮ ಮಾಮನಷ್ಟು ವಿಳಾಸ ಇರೋ ಮನುಷ್ಯ ಇಡೀ ಜಯನಗರದಲ್ಲಿಲ್ಲ. ಒಟ್ಟು ಇನ್ನೂರೈವತ್ತಾರು! ವಾಸ ಮಾತ್ರ ಎರಡು ರೂಮಿನ ಫ್ಲಾಟಿನಲ್ಲಿ.

ನಗಬೇಡಿ. ಅವು ಹ್ಯಾಮ್ ರೇಡಿಯೋ ಹವ್ಯಾಸಿಗಳಿಗೆಂದೇ ಮೀಸಲಿಟ್ಟ ಇಂಟರ್ನೆಟ್ ವಿಳಾಸಗಳು. ಮನೆಯಲ್ಲೇ ರೇಡಿಯೋ ಇಟ್ಟುಕೊಂಡು ದೂರದವರ ಜೊತೆ ಮಾತಾಡೋ ಆ ಹುಚ್ಚು ಮಾಮ, ಅತ್ತೆ ಇಬ್ಬರಿಗೂ. ಸ್ಟ್ರೋಕ್ ಆಗಿ ಅತ್ತೆಯ ಮಾತು ನಿಂತುಹೋದ ಮೇಲೆ ಉಳಿದಿದ್ದು ಎಡಗೈ ಬೆರಳಲ್ಲಿ ಟಕ್-ಟಕ್ ಅಂತ ಮೋರ್ಸ್ ಸಂಕೇತ ಕುಟ್ಟೋದೊಂದೇ. ಅದು ಅರ್ಥವಾಗೋದು ಮಾಮನಿಗೆ, ಮತ್ತೆ ಊರೂರಲ್ಲಿರೋ ಅತ್ತೆಯ ರೇಡಿಯೋ ಗೆಳತಿಯರಿಗೆ. ಅಂಥಾದ್ರಲ್ಲಿ ಫ್ಲಾಟಿನ ಅಸೋಸಿಯೇಷನ್‌ನವರು ಟೆರೇಸಿನ ಆಂಟೆನಾ ಇಳಿಸಿಬಿಟ್ಟರು. ಬಟ್ಟೆ ಒಣಹಾಕೋಕೆ ಅಡ್ಡವಂತೆ!

"ಗಾಳೀಲಿ ಬಿಡಲ್ವಾ? ಇಂಟರ್ನೆಟ್ಟಲ್ಲಿ ಹೋಗ್ತೀನಿ," ಅಂದ್ರು ಮಾಮ. ಮನೆಯ ಇಂಟರ್ನೆಟ್ ವಿಳಾಸ ಆಗಾಗ ಬದಲಾಗಿ ಗೆಳತಿಯರಿಗೆ ದಾರಿ ತಪ್ಪುತ್ತೆ. ಅದಕ್ಕೇ ಅರ್ಜಿ ಗುಜರಾಯಿಸಿ ಈ ಕಾಯಂ ವಿಳಾಸ ತರಿಸಿದ್ದು. ಆದರೆ ತರಿಸಿದರೆ ಸಾಲದು. ಇಂಟರ್ನೆಟ್ಟಲ್ಲಿ ಜಾಗ ಬಾಡಿಗೆಗೆ ಕೊಡೋ ಯಾವುದಾದರೂ ಹೋಸ್ಟಿಂಗ್ ಕಂಪನಿ 'ಇವು ನಮ್ಮಲ್ಲಿವೆ' ಅಂತ ಜಗತ್ತಿಗೆ ಸಾರಬೇಕು. ಸಾರೋಕೆ ಮಾಮ ಸಹಿ ಹಾಕಿದ ಒಪ್ಪಿಗೆ ಪತ್ರ ಬೇಕು.

"ಜಗತ್ತಿಗೆಲ್ಲ ಸಾರೋ ಕಾಗದ ಅಂದ್ರೆ ಲಗ್ನಪತ್ರಿಕೆ ಇದ್ದಂಗೇ ಅಲ್ವೇನೋ!" ಅಂತ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ, ನಡುವೆ ಕುಂಕುಮ ಇಟ್ಟು, ಸ್ಕ್ಯಾನ್ ಮಾಡಿ ಕಳಿಸಿದರು.

ಉತ್ತರ ಬಂತು: 'ಕಾಗದದ ಮೇಲೆ ಕಲೆಯಿದೆ. ಬೇರೆ ಪ್ರತಿ ಕಳಿಸಿ.'

"ಕಲೆಯಂತೆ! ಇವರ ಮನೆ ಹಾಳಾಗ!" ಅದು ಕಲೆಯಲ್ಲ ಅಂತ ಒಂದು ಪುಟದ ವಿವರಣೆ ಬರೆದರು. ಆ ಪುಟಕ್ಕೂ ಅರಿಶಿನ ಹಚ್ಚಿದರು! ಅದೂ ವಾಪಸ್.

ಕೊನೆಗೆ ಕಂಪನಿಯ ಹುಡುಗಿಯೇ ಫೋನ್ ಮಾಡಿದಳು. "ಸಾರ್, ನಮ್ಮನೇಲೂ ಹಚ್ತಾರೆ. ಆದ್ರೆ ಕುಂಕುಮ ನಂಬರ್ ಮೇಲೇ ಬಿದ್ದಿದೆ. ಒಂದು ಅಂಕಿ ತಪ್ಪಿದ್ರೆ ಬೇರೆಯವರ ವಿಳಾಸ ಸಾರಿದಂಗಾಗುತ್ತೆ. ಬರೀ ಕಾಗದ ಕಳಿಸಿಬಿಡಿ."

"ಅರಿಶಿನ ಇಲ್ಲದ ಕಾಗದ ಎಂಥ ಸುದ್ದಿಗೆ ಕಳಿಸ್ತಾರೆ ಗೊತ್ತೇನಮ್ಮ? ನಮ್ಮ ಮನೆಯವಳ ವಿಷಯಕ್ಕೆ ನಾನು ಅಂಥ ಕಾಗದ ಕಳಿಸಲ್ಲ!"

ಅಲ್ಲೀತನಕ ಕಿಸಿಕಿಸಿ ನಗ್ತಿದ್ದವನು ನಾನು. ನಗು ಬಿಟ್ಟು, ಪತ್ರದ ಹೊಸ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ.

ಅಷ್ಟರಲ್ಲಿ ಅತ್ತೆ ಎಡಗೈ ಚಾಚಿ, ಹೊಸ ಪ್ರಿಂಟನ್ನ ತಮ್ಮ ಕಡೆ ಎಳೆದುಕೊಂಡು, ಮೆಲ್ಲಗೆ ಮಗುಚಿ ಹಾಕಿದರು. ಹಿಂದುಗಡೆ ಖಾಲಿ! ಸ್ಕ್ಯಾನರಿಗೆ ಬೆನ್ನು ಕಾಣುತ್ತಾ?

ಮಾಮ ಬೆಪ್ಪಾಗಿ ನೋಡಿದರು. ಆಮೇಲೆ ಬೆನ್ನಿಗೆ ಧಾರಾಳವಾಗಿ ಅರಿಶಿನ ಬಳಿದು, ಮುಂಭಾಗ ಸ್ಕ್ಯಾನ್ ಮಾಡಿ ಕಳಿಸಿದರು. ಮಾರನೇ ದಿನವೇ ಕಂಪನಿ ವಿಳಾಸ ಸಾರಿತು.

ಬೆಳಗಿನ ಕಾಫಿ ಹೊತ್ತಿಗೆ ಅತ್ತೆ ಕಂಪ್ಯೂಟರಿಗೆ ಜೋಡಿಸಿದ ಮೋರ್ಸ್ ಗುಂಡಿ ಕುಟ್ಟಿದರು. ಆ ಕಡೆಯಿಂದ ಗೆಳತಿಯರು ಒಬ್ಬರಾದ ಮೇಲೊಬ್ಬರು ಕುಟ್ಟಿದರು. ಅತ್ತೆ ಕುಟ್ಟುತ್ತಲೇ ಇದ್ದರು.

"ಏನಂತೆ ಮಾಮ?"

"ಚಾಡಿ ಕಣೋ! 'ನಮ್ಮೆಜಮಾನರು ಕಾಗದಕ್ಕೆಲ್ಲ ಅರಿಶಿನ ಬಳಿದು ಮನೆ ಹಳದಿ ಮಾಡಿಟ್ಟಿದಾರೆ' ಅಂತಿದಾಳೆ." ಒಂದು ಗುಟುಕು ಕಾಫಿ ಕುಡಿದರು. "ಬೈಲಿ ಬಿಡೋ. ಎಂಟು ತಿಂಗಳಾಗಿತ್ತು, ಅವಳು ಇನ್ನೊಬ್ಬರ ಹತ್ರ ನನ್ನ ಬೈದು."