ಬಟ್ಟೆ ಹಗ್ಗದ ಮೇಲೆ ಇಂಗ್ಲಿಷ್

"ಇಂಗ್ಲಿಷ್ ಅಂದರೆ ಏನು ಮಹಾ? ಬಟ್ಟೆ ಒಣಗಹಾಕಿದ ಹಾಗೆ. ಯಾವುದರ ಪಕ್ಕ ಯಾವುದು ಬರಬೇಕು ಅಂತ ಗೊತ್ತಿದ್ದರೆ ಮುಗೀತು. ಒಂದೇ ಭಾನುವಾರದಲ್ಲಿ ಕಲಿಸಿಬಿಡ್ತೀನಿ, ನೋಡ್ತಾ ಇರು" ಎಂದು ಲಾಂಡ್ರಿಯ ಯಜಮಾನರು ಹೆಂಡತಿಯ ಎದುರು ಘೋಷಿಸಿದರು.

ಹೆಂಡತಿ ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತಲಿಲ್ಲ. "ಕಲಿಸಿ ಅಂತ ನಾನು ಕೇಳಿದ್ನಾ?" ಎಂದಳು.

ಕೇಳಿರಲಿಲ್ಲ, ನಿಜ. ಆದರೆ ಕೇಳದವರಿಗೂ ಕಲಿಸುವುದು ಯಜಮಾನರ ಹುಟ್ಟುಗುಣ. ಅದರ ಮೇಲೆ ಈ ಸಲ ಕಾರಣವೂ ದೊಡ್ಡದಿತ್ತು. ಬೀದಿಯ ಕೊನೆಯ ದೊಡ್ಡ ಹೋಟೆಲಿನಲ್ಲಿ ಬಟ್ಟೆಬರೆ ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕಿ ಬೇಕಾಗಿದ್ದರು. ಅಲ್ಲಿನ ಮ್ಯಾನೇಜರಮ್ಮ ಫೋನ್ ಮಾಡಿ, "ಸೋಮವಾರ ಹನ್ನೊಂದಕ್ಕೆ ನಿಮ್ಮ ಅಂಗಡಿಗೇ ಬರ್ತೀನಿ, ಮಾತಾಡೋಣ. ನಮ್ಮ ಅತಿಥಿಗಳು ನಾನಾ ಕಡೆಯವರು, ಹಾಗಾಗಿ ಮಾತು ಇಂಗ್ಲಿಷಿನಲ್ಲೇ ಇರಲಿ" ಎಂದಿದ್ದರು.

ಹೆಂಡತಿಗೆ ಆ ಕೆಲಸ ಬೇಕೇ ಬೇಕಾಗಿತ್ತು. ಇಪ್ಪತ್ತೆರಡು ವರ್ಷ ಹಬೆಯ ಪಕ್ಕ ನಿಂತು ನಿಂತು ಅವಳ ಮಂಡಿ ಸೋತಿತ್ತು. ಮದುವೆಯಾದ ಮೇಲೆ ತನಗಾಗಿ ಅವಳು ಬಾಯಿಬಿಟ್ಟು ಬಯಸಿದ್ದು ಇದೊಂದನ್ನೇ. ಅದಕ್ಕೇ ಅವಳಿಗೆ ಎದೆ ಢವಗುಟ್ಟುತ್ತಿತ್ತು. ಅದನ್ನು ಕಂಡ ಯಜಮಾನರು, ಪಾಪ, ಇವಳಿಗೆ ಇಂಗ್ಲಿಷಿನ ಭಯ ಎಂದು ತಾವಾಗಿಯೇ ತೀರ್ಮಾನಿಸಿದರು. ಅವಳ ಇಂಗ್ಲಿಷ್ ಎಷ್ಟರಮಟ್ಟಿನದು ಎಂದು ಅವರಿಗೆ ಗೊತ್ತೇ ಇರಲಿಲ್ಲ. ಅವರ ಕಾರ್ಯಕ್ಷೇತ್ರ ಹಿಂದಿನ ಕೋಣೆ. ಅಲ್ಲಿನ ಯಂತ್ರಗಳ ಸದ್ದಿನಲ್ಲಿ ಮುಂದಿನ ಕೌಂಟರಿನ ಒಂದು ಮಾತೂ ಕೇಳಿಸುತ್ತಿರಲಿಲ್ಲ.

ಭಾನುವಾರ ಅಂಗಡಿಗೆ ರಜೆ. ಹೆಂಡತಿ ಮಹಡಿಯ ಮೇಲೆ ಮರುದಿನ ಏನು ಉಡಲಿ, ಏನು ತೊಡಲಿ ಎಂದು ಪೇಚಾಡುತ್ತಿದ್ದಾಗ ಯಜಮಾನರು ಕೆಳಗೆ ಪಾಠಶಾಲೆ ತೆರೆದರು. ಹಳೆಯ ದಿಂಬಿನ ಚೀಲ ಹರಿದು ಪಟ್ಟಿಗಳನ್ನು ಮಾಡಿದರು. ಅಳಿಸದ ಶಾಯಿಯಲ್ಲಿ ಒಂದೊಂದರ ಮೇಲೆ ಒಂದೊಂದು ಪದ ಬರೆದರು. ಕಮ್, ಗೋ, ಶೌಟ್ ಎಂಬ ಕ್ರಿಯಾಪದಗಳು ಒಂದು ಡಬ್ಬಿಗೆ. ವಿಲ್, ಮಸ್ಟ್, ಮೈಟ್, ವುಡ್ ಮೊದಲಾದ ಸಹಾಯಕರು ಇನ್ನೊಂದಕ್ಕೆ. ಪ್ರಾಬಬ್ಲಿ, ಸೆಲ್ಡಮ್, ಆಲ್ವೇಸ್ ಎಂಬ ಒಗ್ಗರಣೆ ಮಾತುಗಳು ಮೂರನೆಯದಕ್ಕೆ. ಅಂಗಡಿಯ ಉದ್ದಕ್ಕೂ ಹಗ್ಗ ಕಟ್ಟಿ, ಪದಗಳನ್ನು ಕ್ಲಿಪ್ಪಿನಿಂದ ಸಾಲಾಗಿ ತೂಗುಹಾಕಿದರು. ಮೊದಲು ಸಹಾಯಕ, ನಡುವೆ ಒಗ್ಗರಣೆ, ಕೊನೆಗೆ ಕ್ರಿಯಾಪದ. ದೂರ ನಿಂತು ನೋಡಿದರೆ ಸಾಕ್ಷಾತ್ ಸರಸ್ವತಿಯೇ ಒಣಗುತ್ತಿರುವಂತಿತ್ತು.

ಆದರೆ ಎಲ್ಲ ವಾಕ್ಯಗಳಿಗೂ ತಲೆಯೇ ಇಲ್ಲ. "ವಿಲ್ ಪ್ರಾಬಬ್ಲಿ ಶೌಟ್", ಸರಿ, ಕೂಗುವವರು ಯಾರು? ಕರ್ತೃ ಬೇಕಲ್ಲ. ದಿಂಬಿನ ಚೀಲ ಮುಗಿದಿತ್ತು. ಯಜಮಾನರು ಸುತ್ತಲೂ ಕಣ್ಣಾಡಿಸಿದರು. ಗೋಡೆಯ ಉದ್ದಕ್ಕೂ, ಮಡಿ ಮಾಡಿ ಸಿದ್ಧವಾಗಿದ್ದ ನಲವತ್ತಮೂರು ಬಟ್ಟೆಗಳಲ್ಲಿ ನಲವತ್ತಮೂರು ಕರ್ತೃಗಳು ನೇತಾಡುತ್ತಿದ್ದರು.

ಆ ಲಾಂಡ್ರಿಯಲ್ಲಿ ಬಟ್ಟೆಗೆ ನಂಬರು ಹಾಕುವ ಪದ್ಧತಿ ಇರಲಿಲ್ಲ. ಗಿರಾಕಿ ಅಂದರೆ ಮನುಷ್ಯ, ನಂಬರಲ್ಲ ಎಂಬುದು ಯಜಮಾನರ ಸಿದ್ಧಾಂತ. ಆದ್ದರಿಂದ ವಕೀಲರು, ಹಲ್ಲಿನ ಡಾಕ್ಟರು, ಪಿಯಾನೊ ಮೇಷ್ಟ್ರು ಎಂದು ಬಟ್ಟೆಯ ಪಟ್ಟಿಯ ಮೇಲೆ ಬರೆದು, ಅದನ್ನು ಪಿನ್ನಿನಿಂದ ಚುಚ್ಚುತ್ತಿದ್ದರು. ಈಗ ಒಂದೊಂದೇ ಪಿನ್ನು ಬಿಚ್ಚಿದರು. ಯಾವುದು ಯಾರದು ಎಂಬುದು ತಲೆಯಲ್ಲಿ ಇದ್ದೇ ಇದೆ, ಪಾಠ ಮುಗಿದ ಮೇಲೆ ಮತ್ತೆ ಚುಚ್ಚಿದರಾಯಿತು ಎಂದುಕೊಂಡರು. ಹಗ್ಗದ ಮೇಲೆ "ವಕೀಲರು ವಿಲ್ ಪ್ರಾಬಬ್ಲಿ ಶೌಟ್", "ಹಲ್ಲಿನ ಡಾಕ್ಟರು ಕ್ಯಾನ್ ಸೆಲ್ಡಮ್ ಸ್ಮೈಲ್" ಎಂದೆಲ್ಲ ರಾರಾಜಿಸಿತು. ಯಜಮಾನರು ತೃಪ್ತಿಯಿಂದ ಮಹಡಿ ಹತ್ತಿ ಮಲಗಿದರು.

ಸೋಮವಾರ ಬೆಳಗ್ಗೆ ಹೆಂಡತಿ ಕೆಳಗಿಳಿದು ಬಂದು ಹಗ್ಗ ನೋಡಿದಳು. ಆಮೇಲೆ ಬಟ್ಟೆಗಳನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ರೀ, ಇದು ಯಾರ ಕೋಟು?"

"ಅದಾ? ಅದು... ತಲೆಯಲ್ಲಿದೆ, ಇರು."

"ಇದು?"

"ಅದೂ ತಲೆಯಲ್ಲೇ ಇದೆ ಕಣೇ, ಸ್ವಲ್ಪ ತಡಿ."

"ಇವತ್ತೇ ಆಗಬೇಕಿತ್ತಾ ಇದು?" ಎಂದಳು ಹೆಂಡತಿ. ಗದರಲಿಲ್ಲ, ಅವಳ ದನಿ ಸುಮ್ಮನೆ ಕುಸಿಯಿತು. ತಾವು ಮಾಡಿದ್ದೇನೆಂದು ಯಜಮಾನರಿಗೆ ಆಗ ಮೊದಲ ಸಲ ಅರಿವಾಯಿತು.

ಅಂಗಡಿ ತೆರೆದ ಕಾಲು ಗಂಟೆಯಲ್ಲಿ ಜನ ಸೇರಿದರು, ಎಲ್ಲರೂ ಕೌಂಟರಿನಲ್ಲಿ ಹೆಚ್ಚಾಗಿ ಇಂಗ್ಲಿಷಿನಲ್ಲೇ ವ್ಯವಹರಿಸುವ ಗಿರಾಕಿಗಳು. ಯಜಮಾನರು ಧೈರ್ಯ ಮಾಡಿ ವಕೀಲರ ಕೈಗೆ ಒಂದು ಬಿಳಿ ಕೋಟು ಕೊಟ್ಟರು. ವಕೀಲರು ಅದರ ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು ಕೂಗಾಡಿದರು. ಹಗ್ಗದ ಮೇಲಿನ ಭವಿಷ್ಯ ಅಕ್ಷರಶಃ ನಿಜವಾಯಿತು. ಅಷ್ಟರಲ್ಲಿ ಹಲ್ಲಿನ ಡಾಕ್ಟರು ತಮ್ಮ ಹೆಸರಿನ ವಾಕ್ಯ ಓದಿಕೊಂಡು ಮುಖ ಕೆಂಪಗೆ ಮಾಡಿಕೊಂಡರು.

ಹೆಂಡತಿ ಗಂಡನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. "ನೀವು ಎತ್ತಿ ಕೊಡಿ ಸಾಕು. ಬಾಯಿ ಬಿಡಬೇಡಿ" ಎಂದಳು. ಗೋಡೆಯ ಕಡೆ ತಿರುಗಿ ಒಂದು ಕರಿ ಕೋಟಿನ ತೋಳು ಮುಟ್ಟಿದಳು.

"ಇದರ ಕಲೆ ತೋರಿಸಿ 'ಇಟ್ ಮೈಟ್ ಪಾಸಿಬ್ಲಿ ಬಿ ಇಂಕ್' ಅಂದಿದ್ದರು. ಶಾಯಿ ಬಿದ್ದಿದ್ದನ್ನೂ ನೇರವಾಗಿ ಒಪ್ಪಿಕೊಳ್ಳದೆ ಇರೋದು ನೀವೊಬ್ಬರೇ, ವಕೀಲರೇ. ತಗೊಳ್ಳಿ."

ವಕೀಲರು ಕೋಟು ತೆಗೆದುಕೊಂಡು ಅದರ ತೋಳನ್ನು ತಿರುಗಿಸಿ ನೋಡಿದರು.

"ಬಿಳಿ ಕೋಟು ಡಾಕ್ಟರದು. 'ಯು ಮಸ್ಟ್ ನೆವರ್ ಫೋಲ್ಡ್ ಇಟ್' ಅಂದಿದ್ದರು. ಮಸ್ಟು, ನೆವರು ಎರಡನ್ನೂ ಜೋಡಿಸಿ ಹೊಡೆಯೋದು ಅವರೇ. ಈ ಪರದೆಗಳು ಪಿಯಾನೊ ಮೇಷ್ಟ್ರವು. 'ಐ ವಿಲ್ ಡೆಫಿನೆಟ್ಲಿ ಕಮ್ ಟುಮಾರೊ' ಅಂದರು. ಡೆಫಿನೆಟ್ಲಿ ಅಂದ ಮೇಲೆ ಹದಿನೈದು ದಿನ ಬರಲ್ಲ, ಅಟ್ಟಕ್ಕೆ ಹಾಕಿ. ಪ್ರಾಬಬ್ಲಿ ಅಂದವರದ್ದನ್ನ ಮುಂದೆ ಇಡಿ, ಅವರು ಹೇಳಿದ ದಿನಕ್ಕೇ ಬರ್ತಾರೆ."

ಯಜಮಾನರು ಎತ್ತಿ ಕೊಡುತ್ತಾ ಹೋದರು. ಹೆಂಡತಿಯ ನಾಲಿಗೆಯ ಮೇಲೆ ಒಬ್ಬೊಬ್ಬ ಗಿರಾಕಿಯೂ ತನ್ನದೇ ದನಿಯಲ್ಲಿ ಬಂದು ನಿಲ್ಲುತ್ತಿದ್ದ. ಕೊನೆಗೆ ಒಂದು ಬೂದು ಬಣ್ಣದ ಸ್ವೆಟರ್ ಉಳಿಯಿತು. ಅದನ್ನು ಅವಳು ತಾನೇ ತೆಗೆದು, ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಅಜ್ಜನ ಕೈಗಿಟ್ಟಳು.

ಅಜ್ಜ ಹೋದ ಮೇಲೆ ಯಜಮಾನರು ಮೆಲ್ಲಗೆ ಕೇಳಿದರು, "ಅವರು ಏನಂದಿದ್ದರು?"

"'ಶಿ ವುಡ್ ಆಲ್ವೇಸ್ ವಾಶ್ ಇಟ್ ಹರ್‌ಸೆಲ್ಫ್' ಅಂದಿದ್ದರು. ಅಜ್ಜಿ ಹೋದರು ಅಂತ ಅವರು ಹೇಳಲೇ ಇಲ್ಲ, ನಾನೂ ಕೇಳಲಿಲ್ಲ. ಅಷ್ಟರಲ್ಲೇ ಗೊತ್ತಾಯ್ತಲ್ಲ."

ವುಡ್ ಎಂಬ ಪಟ್ಟಿಯನ್ನು ನಿನ್ನೆ ಬರೆದವರು ಯಜಮಾನರೇ. ಆಲ್ವೇಸ್ ಬರೆದವರೂ ಅವರೇ. ಎರಡನ್ನೂ ಒಂದೇ ಹಗ್ಗಕ್ಕೆ ಹಾಕಿದ್ದರು, ಸರಿಯಾದ ಜಾಗದಲ್ಲೇ ಹಾಕಿದ್ದರು. ಅವುಗಳ ನಡುವೆ ಒಬ್ಬ ಮನುಷ್ಯನ ದುಃಖ ಹಿಡಿಸಬಹುದು ಎಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಇವಳು ಬಟ್ಟೆಯ ಜೊತೆಗೆ ಜನರನ್ನೂ ಒಳಗೆ ತೆಗೆದುಕೊಳ್ಳುತ್ತಿದ್ದಳು, ತಾನು ಹಿಂದಿನ ಕೋಣೆಯಲ್ಲಿ ನೊರೆ ನೋಡುತ್ತಾ ಕಳೆದುಬಿಟ್ಟೆ ಎಂದು ಅವರಿಗೆ ನಾಚಿಕೆಯಾಯಿತು.

"ಎಕ್ಸ್‌ಕ್ಯೂಸ್ ಮಿ" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಮ್ಯಾನೇಜರಮ್ಮ. ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಆಕೆ ಬಂದು ಎಷ್ಟು ಹೊತ್ತಾಗಿತ್ತೋ, ಗಲಾಟೆಯಲ್ಲಿ ಯಾರೂ ಗಮನಿಸಿರಲಿಲ್ಲ. ಹೆಂಡತಿ ಕೆದರಿದ ಕೂದಲು ಸರಿಮಾಡಿಕೊಂಡು, ಕಾಯಿಸಿದ್ದಕ್ಕೆ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದಳು. ಎಷ್ಟು ಸೊಗಸಾಗಿ ಕೇಳಿದಳೆಂದರೆ, ಕಾಯಿಸಿದ್ದೇ ಒಂದು ಸತ್ಕಾರ ಎನ್ನಿಸಿತು.

ಮ್ಯಾನೇಜರಮ್ಮ ನಕ್ಕರು. "ಇನ್ನು ಪರೀಕ್ಷೆ ಏನೂ ಬೇಡ. ಮುಂದಿನ ವಾರದಿಂದ ಬಂದುಬಿಡಿ" ಎಂದರು, ಇಂಗ್ಲಿಷಿನಲ್ಲೇ. "ಒಂದು ಮಾತು ಕೇಳಲಾ? ಇಷ್ಟು ನಯವಾದ ಇಂಗ್ಲಿಷ್ ಯಾರು ಕಲಿಸಿದರು?"

"ನನ್ನ ಗಂಡ" ಎಂದಳು ಹೆಂಡತಿ, ಅದೂ ಇಂಗ್ಲಿಷಿನಲ್ಲಿ.

ಯಜಮಾನರ ಎದೆ ಉಬ್ಬಿತು. ಆಹಾ, ಎಂಥ ದೊಡ್ಡ ಮನಸ್ಸಿನ ಹೆಂಗಸು ಎಂದುಕೊಂಡು ಅಂಗಿಯ ಕಾಲರು ನೆಟ್ಟಗೆ ಮಾಡಿಕೊಂಡರು.

"ಓ, ಹೇಗೆ ಕಲಿಸಿದರು?"

"ಅವರು ಮಾಡುವ ಎಡವಟ್ಟುಗಳಿಗೆ ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳ ಹತ್ತಿರ ನಾನೇ ಕ್ಷಮೆ ಕೇಳ್ತಾ ಬಂದಿದ್ದೀನಿ. ದಿನಾ ಅಭ್ಯಾಸ ಆಗುತ್ತೆ, ಮೇಡಂ."

ದುರದೃಷ್ಟವೆಂದರೆ, ಅಷ್ಟು ಇಂಗ್ಲಿಷ್ ಯಜಮಾನರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.