ಬೂರೆಗೆ ನೀರು

ಬಾವಿಯ ತಳಕ್ಕೆ ಇಳಿಯಬೇಕಿದ್ದ ಬೋರುವಿಗೆ ಆ ಬೆಳಿಗ್ಗೆ ಹೊಟ್ಟೆ ಕೆಟ್ಟಿತು. ಗುಫುವಿನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಬೋರಾನಾ ಸೀಮೆಯ ನಮ್ಮ ಬಾವಿ ಆಳವೆಂದರೆ ಆಳ. ತಳದಿಂದ ಬಾಯಿಯವರೆಗೆ ಗಂಡಸರು ಒಬ್ಬರ ಮೇಲೊಬ್ಬರು ಮೆಟ್ಟಿಲಾಗಿ ನಿಂತು, ಹಾಡುತ್ತಾ ತೊಗಲಿನ ಬಕೆಟ್ಟನ್ನು ಕೈಯಿಂದ ಕೈಗೆ ಎಸೆದರೆ ಮಾತ್ರ ದನಗಳ ತೊಟ್ಟಿಗೆ ನೀರು. ಗುಫು ತನ್ನ ಬೂರೆಯನ್ನು ಹೊಡೆದುಕೊಂಡು ಬಂದಿದ್ದ. ಬರ ತಿಂದು ಮಿಗಿಸಿದ್ದು ಆ ಒಂದೇ ಹಸುವನ್ನು. ನಡೆದು ನಡೆದು ಅದರ ನಾಲಿಗೆ ಹಳೆಯ ಚಪ್ಪಲಿಯ ಹಾಗಾಗಿತ್ತು. ಮನೆಯಲ್ಲಿ ಮಗಳಿಗೆ ಅದರ ಹಾಲೇ ಊಟ.

ಸರದಿ ನೋಡುವ ಮುದುಕ ಜಾರ್ಸೊನ ಮುಂದೆ ಗುಫು ಕೈಕಟ್ಟಿ ನಿಂತ. "ಅಜ್ಜಾ, ಒಂದೇ ಹಸು. ಮೊದ್ಲು ಕುಡಿಸಿಬಿಡ್ತೀನಿ."

"ಸರದಿ ಅಂದ್ರೆ ಸರದಿ. ನಿಂದು ಕೊನೇದು. ಅಲ್ಲೀತನಕ ಬೋರುವಿನ ಜಾಗಕ್ಕೆ ನೀನಿಳಿ."

"ನಾನಿಳಿದ್ರೆ ಬೂರೇನ ಯಾರು ನೋಡ್ತಾರೆ?"

"ನಾವೆಲ್ಲ ಸತ್ತಿದ್ದೀವಾ?" ಎಂದಳು ನೆರೆಯ ಧಾಕಿ. "ಇಳಿಯಪ್ಪಾ ನೀನು."

ಗುಫು ಇಳಿದ. ಮೊಣಕಾಲುದ್ದ ಕೆಸರು. ಎಸೆದ ನೀರು ಅರ್ಧ ಮೇಲಕ್ಕೆ, ಅರ್ಧ ಅವನ ತಲೆಗೆ. "ಏ, ಹಾಡು ತಪ್ಪಿಸಬೇಡ! ಕತ್ತೆ ಕೂಗಿದ ಹಾಗಿದೆ," ಎನ್ನುತ್ತಾ, ಅವನ ಮೇಲಿನ ಮೆಟ್ಟಿಲಲ್ಲಿದ್ದ ವಾರಿಯೊ ಖಾಲಿ ಬಕೆಟ್ಟನ್ನು ಅವನ ಹಣೆಗೇ ಬಿಟ್ಟ. ಕರುವಿಗೆ ಕೊಂಬು ಮೂಡಿದಂಥ ಬುಗುಟು ಎದ್ದಿತು.

"ಬೂರೆ ಹೇಗಿದೆ?" ಎಂದು ಗುಫು ಕೇಳಿದಾಗಲೆಲ್ಲ, "ಚೆನ್ನಾಗಿದೆ, ನೀನು ಎಸಿ!" ಎಂಬ ಉತ್ತರ ಬಾಯಿಂದ ಬಾಯಿಗೆ ಇಳಿದು ಬರುತ್ತಿತ್ತು.

ಹೊತ್ತು ಇಳಿದಾಗ ಜಾರ್ಸೊ ಕರೆದ. ಗುಫು ತೆವಳಿಕೊಂಡು ಮೇಲೆ ಬಂದ. ತೊಟ್ಟಿಯ ಪಕ್ಕದಲ್ಲಿ ಬೂರೆ ಬಿದ್ದಿತ್ತು. ಹೊಟ್ಟೆ ಊದಿ, ನಾಲ್ಕು ಕಾಲೂ ಸೆಟೆದಿದ್ದವು.

"ನೀರಿಲ್ದೆ ಸತ್ತುಹೋಯ್ತಾ?"

"ನೀರಿಲ್ದೆ ಯಾಕೆ ಸಾಯತ್ತೆ?" ಧಾಕಿ ಮೂಗೊರೆಸಿಕೊಂಡಳು. "ಪಾಪ ಅಂತ ನಮ್ಮ ಮಂದೆ ಜೊತೆ ಸದ್ದಿಲ್ದೆ ಬಿಟ್ಟೆ. ಹೊಟ್ಟೆ ತುಂಬ ಕುಡೀತು."

ವಾರಿಯೊ ತಲೆ ಕೆರೆದುಕೊಂಡ. "ನೀನೂ ಬಿಟ್ಯಾ? ನಾನೂ ನಮ್ಮ ಹುಡುಗೀಗೆ ಹೇಳಿದ್ದೆ, ಕುಡಿಸು ಅಂತ."

ಇನ್ನೊಬ್ಬ ಕೆಮ್ಮಿದ. ಮತ್ತೊಬ್ಬ ನೆಲ ನೋಡಿದ. ಒಣಗಿದ ಹೊಟ್ಟೆಗೆ ಊರಿನ ಕರುಣೆಯೆಲ್ಲ ಒಂದೇ ದಿನ ಇಳಿದಿತ್ತು. ಅಷ್ಟನ್ನೂ ಮೊಗೆದು ಕಳಿಸಿದವನು ಗುಫುವೇ.

ಅವನು ಮುದುಕನ ಕಡೆ ತಿರುಗಿದ. "ಅಜ್ಜಾ, ನೀವೂ?"

"ಎರಡೇ ಬಕೆಟ್ಟು. ಸರದಿ ತಪ್ಪಿಸಿದೆ ಅಂತ ಯಾರಿಗೂ ಹೇಳ್ಬೇಡ." ಜಾರ್ಸೊ ಕೋಲೂರಿ ಎದ್ದ. ಸತ್ತ ಹಸುವನ್ನು ನೋಡಿದ, ಬರಿಗೈಯಲ್ಲಿ ನಿಂತವನನ್ನು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ:

"ನಾಳೇನೂ ನೀನೇ ಇಳಿದುಬಿಡು ಮಗಾ. ಇನ್ಮೇಲೆ ನಿಂಗೆ ಸರದಿ ಕಾಯೋ ಕಷ್ಟ ಇಲ್ಲವಲ್ಲ."